ಗಂಟಲು ಕೆಟ್ಟರೆ ಕೈಯಿಂದ ರಕ್ತ ಯಾಕೆ?

ಬಸ್ ನಿಲ್ದಾಣದ ಮೈಕಮ್ಮನ ಗಂಟಲು ಕೆಟ್ಟಿತು. ಶೀತ ಇಲ್ಲ, ಕೆಮ್ಮು ಇಲ್ಲ, ನೋವೂ ಇಲ್ಲ. ಧ್ವನಿ ಮಾತ್ರ ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಹೋಯಿತು.

ನಿಲ್ದಾಣದ ಮಾಳಿಗೆಯಲ್ಲಿರುವ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಕಟ್ಟೆಯಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಜನ ಎಂದೋ ಮರೆತಿದ್ದರು. ಹಾಲಿನಂಥ ಧ್ವನಿ ಅವಳದು. ಬಸ್ಸು ತಡವಾಗಿದೆ ಎಂದು ಅವಳು ಹೇಳಿದರೆ, ಸಿಟ್ಟಾಗಬೇಕಾದ ಜನ "ಆಗಲಿ ಬಿಡು" ಎಂದು ಬೆಂಚಿನ ಮೇಲೆ ಕೂರುತ್ತಿದ್ದರು.

ಅಂಥ ಧ್ವನಿ ಈಗ ತಗಡಿನ ಡಬ್ಬದಲ್ಲಿ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತಿತ್ತು. ದಪ್ಪ ಆದದ್ದಷ್ಟೇ ಅಲ್ಲ, ನಿಧಾನವೂ ಆಯಿತು. "ಹದಿನಾರನೇ... ನಂಬರಿನ... ಬಸ್ಸು..." ಎಂದು ಶುರು ಮಾಡಿ ಅವಳು ಕಟ್ಟೆಯ ನಂಬರಿಗೆ ಬರುವಷ್ಟರಲ್ಲಿ ಬಸ್ಸು ಗೇಟು ದಾಟಿರುತ್ತಿತ್ತು. ಹೀಗೆ ಬಸ್ಸು ತಪ್ಪಿದ ಮುದುಕರೊಬ್ಬರು ಒಂದು ದಿನ ಕೊಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

"ತಂಗೀ, ನೀನು ಸ್ವಲ್ಪ ಪಕ್ಕಕ್ಕೆ ಸರಿ. ಮೈಕಲ್ಲಿ ಎಳೆದೂ ಎಳೆದೂ ಮಾತಾಡ್ತಾನಲ್ಲ, ಆ ಗಂಡಸನ್ನ ಕರಿ. ಇವತ್ತು ಅವನಿಗೆ ಬುದ್ಧಿ ಹೇಳದೆ ಹೋಗಲ್ಲ."

ಕೋಣೆಯಲ್ಲಿ ಅವಳನ್ನು ಬಿಟ್ಟು ಇನ್ಯಾರೂ ಇರಲಿಲ್ಲ.

"ಅವರು ಊಟಕ್ಕೆ ಹೋಗಿದ್ದಾರೆ" ಎಂದಳು ಮೈಕಮ್ಮ, ಅದೇ ಗಂಡಸಿನ ಧ್ವನಿಯಲ್ಲಿ.

ಮುದುಕರು ಅವಳ ಮುಖ ನೋಡಿದರು, ಮೈಕು ನೋಡಿದರು, ಕೊಡೆ ಮಡಚಿಕೊಂಡು ಬಂದ ದಾರಿಯಲ್ಲೇ ಇಳಿದುಹೋದರು.

ಆ ಸಂಜೆ ನಿಲ್ದಾಣದ ಮೇಲ್ವಿಚಾರಕರು ಕರೆದರು. "ನೋಡಮ್ಮ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ದಿನಾ ದೂರು ಬರ್ತಿದೆ. ಮೇಲಿನೋರು ಮಾತಾಡೋ ಯಂತ್ರ ತರಿಸ್ತೀವಿ ಅಂತಿದ್ದಾರೆ. ಅದು ಬರೋದರೊಳಗೆ ಗಂಟಲು ಸರಿ ಮಾಡಿಸ್ಕೋ."

ಮನೆಯಲ್ಲಿ ವೈದ್ಯರಿಗೇನೂ ಬರವಿರಲಿಲ್ಲ. ಅತ್ತೆ ಉಪ್ಪುನೀರು ಕಾಯಿಸಿ ಕೊಟ್ಟರು. ಅದರಿಂದ ಗುಣವಾಗದಿದ್ದಾಗ, "ಒಂದು ವಾರ ಬಾಯಿ ಮುಚ್ಚಿಕೊಂಡಿರು. ನಿನ್ನ ಗಂಟಲಿಗೂ ವಿಶ್ರಾಂತಿ, ನಮಗೂ ವಿಶ್ರಾಂತಿ" ಎಂದರು. ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಮೇಷ್ಟ್ರು. ಅವನ ವೈದ್ಯಶಾಸ್ತ್ರವೆಲ್ಲ ಮೊಬೈಲಿನಲ್ಲಿತ್ತು.

"ಸಿಕ್ತು ಕಣೇ!" ಎಂದು ಊಟದ ನಡುವೆ ಕೂಗಿದ. "ಧ್ವನಿ ಬದಲಾಗೋದು, ಸುಸ್ತು. ಇದು ಸಮುದ್ರದ ತಳಕ್ಕೆ ಮುಳುಗೋರಿಗೆ ಬರೋ ಕಾಯಿಲೆಯಂತೆ."

"ನಾನು ಬಕೆಟ್ ನೀರಲ್ಲೂ ಮುಳುಗಿಲ್ಲ" ಎಂದಳು ಅವಳು.

"ಹಾಗಾದ್ರೆ ಇನ್ನೊಂದಿದೆ ನೋಡು..."

"ಮೊದಲು ಆ ಫ್ಯಾನ್ ಆರಿಸಿ. ಚಳಿ ಆಗ್ತಿದೆ."

ಫ್ಯಾನಿನ ವಿಷಯಕ್ಕೆ ಮನೆಯಲ್ಲಿ ಸಣ್ಣ ಯುದ್ಧವೇ ನಡೆಯುತ್ತಿತ್ತು. ಹೊರಗೆ ರಸ್ತೆಯ ಡಾಂಬರು ಕರಗುವಂಥ ಬಿಸಿಲು. ಒಳಗೆ ಮೈಕಮ್ಮ ಸ್ವೆಟರು ಹಾಕಿಕೊಂಡು ಫ್ಯಾನ್ ಆರಿಸುವಳು. ಗಂಡ ಬೆವರು ಒರೆಸಿಕೊಳ್ಳುತ್ತಾ ಹಾಕುವನು. ಅವಳು ಮತ್ತೆ ಆರಿಸುವಳು. ಅತ್ತೆ ಇಬ್ಬರನ್ನೂ ಬೈದು ಅಂಗಳದಲ್ಲಿ ಹೋಗಿ ಕೂರುವರು. ಇದಕ್ಕೂ ಗಂಟಲಿಗೂ ಏನಾದರೂ ನಂಟಿರಬಹುದು ಎಂದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ವಯಸ್ಸು ನಲವತ್ತು ದಾಟಿತು, ಮೈ ಸೋತಿದೆ, ಮೈ ಭಾರ ಆಗಿದೆ, ಕೂದಲು ಉದುರುತ್ತಿದೆ. ಎಲ್ಲ ಹೆಂಗಸರಿಗೂ ಆಗುವುದೇ ಎಂದು ಮೈಕಮ್ಮನೇ ತೀರ್ಪು ಕೊಟ್ಟುಕೊಂಡಿದ್ದಳು.

ಮೇಲಿನ ಮನೆಯಲ್ಲಿ ಒಬ್ಬ ನರ್ಸ್ ಇದ್ದಳು. ಎಲ್ಲರಿಗೂ ನರ್ಸಕ್ಕ. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ. ಬಟ್ಟೆ ಒಣಹಾಕುವಾಗ ಕೆಳಗಿನ ಮನೆಯ ಗೊಗ್ಗರು ಧ್ವನಿ ಕೇಳಿ ಅವಳು ಇಣುಕಿದಳು.

"ಯಾರೇ ಅದು, ನಿಮ್ಮ ಮಾವನವರು ಬಂದಿದ್ದಾರಾ?"

"ನಾನೇ ಅಕ್ಕಾ."

ನರ್ಸಕ್ಕನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. "ಎಷ್ಟು ದಿನ ಆಯ್ತು ಹೀಗೆ?"

"ತಿಂಗಳುಗಟ್ಟಲೆ ಆಯ್ತು."

"ಧ್ವನಿ ಮೂರು ವಾರದ ಮೇಲೂ ಸರಿಹೋಗಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಬೇಕು ಕಣೇ. ನೀನು ಉಪ್ಪುನೀರಲ್ಲಿ ಬಾಯಿ ತೊಳೀತಾ ಕೂತಿದ್ದೀಯಲ್ಲ! ನಾಳೆ ಹೊರಡು."

ಮಾರನೆಯ ದಿನ ಆಸ್ಪತ್ರೆಗೆ ಮೂವರೂ ಹೋದರು: ಮೈಕಮ್ಮ, ಗಂಡ, ನರ್ಸಕ್ಕ. ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಮೈಕಮ್ಮ ಬಾಯಿ ಅಗಲಿಸಿ ಸಿದ್ಧಳಾಗಿ ಕೂತಳು. ಆದರೆ ಅವರು ಬಾಯಿಯ ಕಡೆ ಆಮೇಲೆ ಬಂದರು. ಮೊದಲು ಶುರುವಾದದ್ದು ಪ್ರಶ್ನೆಗಳು.

"ಸುಸ್ತಾಗುತ್ತಾ?"

"ಇಲ್ಲ."

"ಮಲಬದ್ಧತೆ ಇದೆಯಾ? ಮುಟ್ಟು ಸರಿಯಾಗಿ ಆಗ್ತಿದೆಯಾ? ತೂಕ ಜಾಸ್ತಿ ಆಗಿದೆಯಾ?"

"ಇಲ್ಲ. ಹೂಂ. ಇಲ್ಲ" ಎಂದಳು ಮೈಕಮ್ಮ. ಮನಸ್ಸಿನಲ್ಲಿ ಮಾತ್ರ, 'ನಾನು ತೋರಿಸೋಕೆ ಬಂದಿದ್ದು ಗಂಟಲು, ಈಯಮ್ಮ ಮನೆಯೆಲ್ಲ ಜಾಲಾಡ್ತಿದ್ದಾಳಲ್ಲ' ಎಂದುಕೊಂಡಳು.

"ಚಳಿ ಆಗುತ್ತಾ?"

"ಇಲ್ಲ" ಎಂದಳು, ಸ್ವೆಟರಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತಾ.

ಡಾಕ್ಟರಮ್ಮ ಆ ಗುಂಡಿಯನ್ನು ನೋಡಿದರು. ನಾಡಿ ಹಿಡಿದರು, ಕೈಯ ಚರ್ಮ ಮುಟ್ಟಿ ನೋಡಿದರು, ಒಂದು ಗುಟುಕು ನೀರು ನುಂಗಿಸಿ ಕುತ್ತಿಗೆಯ ಮೇಲೆ ಬೆರಳಿಟ್ಟರು. ಆಮೇಲೆ ಮೇಜಿನ ಮೇಲಿಂದ ಒಂದು ರಬ್ಬರಿನ ಸುತ್ತಿಗೆ ತೆಗೆದರು.

"ಅಯ್ಯೋ, ಇದು ಯಾಕೆ?" ಎಂದ ಗಂಡ.

ಉತ್ತರ ಬರುವಷ್ಟರಲ್ಲಿ ಸುತ್ತಿಗೆ ಮೊಣಕಾಲಿಗೆ ತಾಗಿತ್ತು. ತಾಗಿದ್ದು ಹೆಂಡತಿಗೆ, ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ನೆಲಕ್ಕೆ ಬಲವಾಗಿ ಬ್ರೇಕ್ ಒತ್ತಿದ್ದು ಗಂಡ. ಕಲಿಯುವವರ ಪಕ್ಕ ಕೂತು ಕೂತು ಬಂದ ಅಭ್ಯಾಸ. ಡಾಕ್ಟರಮ್ಮ ನಗು ತಡೆದುಕೊಂಡು ಅವಳ ಹಿಮ್ಮಡಿಗಿಂತ ಸ್ವಲ್ಪ ಮೇಲೊಮ್ಮೆ ತಟ್ಟಿದರು. ಮೈಕಮ್ಮನ ಪಾದ ಚಿಮ್ಮಿತು. ಆದರೆ ವಾಪಸು ಬರುವಾಗ ಅವಸರವೇ ಇಲ್ಲದ ಅತಿಥಿಯ ಹಾಗೆ ಮೆಲ್ಲಗೆ ಬಂದು ಕೂತಿತು. ಡಾಕ್ಟರಮ್ಮ ತಲೆದೂಗಿದರು.

"ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್, ರಕ್ತದ ಅಂಶ, ಸಕ್ಕರೆ. ಜೊತೆಗೆ ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಒಳಗೆ ನೋಡ್ತಾರೆ."

"ಗಂಟಲು ಕೆಟ್ರೆ ಕೈಯಿಂದ ರಕ್ತ ಯಾಕೆ?" ಎಂದಳು ಮೈಕಮ್ಮ.

"ಗಂಟಲು ಕೆಟ್ಟಿರೋದಕ್ಕೆ ಕಾರಣ ಗಂಟಲಲ್ಲೇ ಇರಬೇಕು ಅಂತೇನಿಲ್ಲಮ್ಮ."

ಮೈಕಮ್ಮ ಎದ್ದೇಬಿಟ್ಟಳು. ಹೊರಗಿನ ಮೆಟ್ಟಿಲ ಮೇಲೆ ಅವಳ ಗೊಗ್ಗರು ಧ್ವನಿ ಮೊಳಗಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಒಳ್ಳೆ ಡಾಕ್ಟರು ಮುಖ ನೋಡಿ ರೋಗ ಹೇಳ್ತಾರೆ. ಈಯಮ್ಮನಿಗೆ ಗೊತ್ತಿಲ್ಲ, ಅದಕ್ಕೇ ಪರೀಕ್ಷೆ ಬರೀತಾಳೆ."

"ಹೌದು, ಗೊತ್ತಿಲ್ಲ" ಎಂದಳು ನರ್ಸಕ್ಕ. "ಗೊತ್ತಿಲ್ಲ ಅಂತ ಗೊತ್ತಿರೋದಕ್ಕೇ ಪರೀಕ್ಷೆ ಮಾಡಿಸು ಅಂದ್ರು. ನಿನ್ನ ಗಂಡನ ಹಾಗೆ ಸಮುದ್ರಕ್ಕೆ ತಳ್ಳಲಿಲ್ಲ."

"ನಾನು ಮಾಡಿಸಲ್ಲ ಅಂದ್ರೆ ಮಾಡಿಸಲ್ಲ."

ಸಂಜೆ ನರ್ಸಕ್ಕ ಮತ್ತೆ ಕೆಳಗಿಳಿದು ಬಂದಳು. ಮೈಕಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಒಲೆಯ ಮುಂದೆ ಸ್ವೆಟರು ಹಾಕಿಕೊಂಡು, ಉರಿಗೆ ಅಂಗೈ ಚಾಚಿ ನಿಂತಿದ್ದಳು.

"ಸೂಜಿಗೆ ಹೆದರ್ತೀಯಾ?"

"ಇಲ್ಲ."

"ಮತ್ತೆ?"

ಮೈಕಮ್ಮ ಒಲೆಯ ಉರಿ ಸಣ್ಣ ಮಾಡಿದಳು. ಆಮೇಲೆ ಅವಳು ಹೇಳಿದಳು. "ನಮ್ಮ ದೊಡ್ಡಮ್ಮನಿಗೂ ಹೀಗೇ ಧ್ವನಿ ಹೋಗಿತ್ತು ಅಕ್ಕಾ. ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಪರೀಕ್ಷೆ ಮಾಡಿದ್ರು, ಗಂಟಲಲ್ಲಿ ಕ್ಯಾನ್ಸರ್ ಅಂದ್ರು. ವರ್ಷ ತುಂಬೋದರೊಳಗೆ ಹೋಗಿಬಿಟ್ರು. ಪರೀಕ್ಷೆ ಮಾಡಿಸದೆ ಇದ್ದಿದ್ರೆ..."

"ಇದ್ದಿದ್ರೆ?"

ಮೈಕಮ್ಮ ಸ್ವೆಟರಿನ ತೋಳು ಕೆಳಗೆಳೆದುಕೊಂಡಳು.

"ಧ್ವನಿ ಕೆಟ್ಟು ಎಷ್ಟು ದಿನಕ್ಕೆ ಆಸ್ಪತ್ರೆಗೆ ಹೋದ್ರು ಅವರು?"

"ಒಂದು ವರ್ಷ ಮನೆ ಮದ್ದು ಮಾಡಿದ್ರು."

ನರ್ಸಕ್ಕನ ಜೋರು ಬಾಯಿ ಆಗ ಮೆತ್ತಗಾಯಿತು. "ನೀನೇ ಹೇಳು. ಅವರು ಹೋಗಿದ್ದು ಪರೀಕ್ಷೆ ಮಾಡಿಸಿದ್ದಕ್ಕಾ, ತಡ ಮಾಡಿದ್ದಕ್ಕಾ? ಕಣ್ಣು ಮುಚ್ಚಿಕೊಂಡ್ರೆ ಎದುರಿಗಿರೋ ಬಸ್ಸು ಮಾಯ ಆಗುತ್ತಾ? ನನ್ನ ಕೇಳಿದ್ರೆ, ನೀನು ಕೂಗಿ ಕೂಗಿ ಗಂಟಲು ದಣಿದಿದೆ, ಅಷ್ಟೇ. ಆದ್ರೆ ನನ್ನದು ಬರೀ ಊಹೆ. ಊಹೆ ನಂಬಿಕೊಂಡು ಕೂರೋ ವಿಷಯ ಅಲ್ಲ ಇದು."

ಮೈಕಮ್ಮ ಒಲೆ ಆರಿಸಿದಳು. "ನೀನೂ ಜೊತೆಗೆ ಬರ್ತೀಯಾ?" ಎಂದಳು.

"ನಾನಲ್ಲದೆ ಇನ್ಯಾರು? ನಿನ್ನ ಗಂಡ ಬ್ರೇಕ್ ಒತ್ತೋಕೆ ಬೇರೆ ಬರ್ತಾನಲ್ಲ. ಈಗ ಸರಿಯಾಗಿ ಕೇಳು. ರಾತ್ರಿ ಊಟ ಆದಮೇಲೆ ಬೆಳಿಗ್ಗೆ ರಕ್ತ ಕೊಡೋ ತನಕ ಏನೂ ತಿನ್ನಬಾರದು. ಬರೀ ನೀರು ಕುಡಿಬಹುದು. ಸಕ್ಕರೆ ಪರೀಕ್ಷೆಗೆ ಹೊಟ್ಟೆ ಖಾಲಿ ಇರಬೇಕು. ಮಾತ್ರೆ ಗೀತ್ರೆ ಏನಾದ್ರೂ ತಗೊಳ್ತಿದ್ದೀಯಾ?"

"ಕೂದಲು ಉದುರದೆ ಇರೋಕೆ ಒಂದು ವಿಟಮಿನ್ ಮಾತ್ರೆ."

"ನೋಡು! ಅದನ್ನ ಯಾಕೆ ಡಾಕ್ಟರಿಗೆ ಹೇಳಲಿಲ್ಲ? ಅಂಥ ಕೆಲವು ಮಾತ್ರೆ ಥೈರಾಯ್ಡ್ ಪರೀಕ್ಷೆಯ ಲೆಕ್ಕವನ್ನೇ ತಪ್ಪಿಸ್ತವೆ. ನಾನು ಅವರನ್ನೇ ಕೇಳಿ ಹೇಳ್ತೀನಿ." ಡಾಕ್ಟರಮ್ಮ ಆ ಮಾತ್ರೆ ನಿಲ್ಲಿಸಿ, ಎರಡು ದಿನ ಬಿಟ್ಟು ಬರಲು ಹೇಳಿ ಕಳಿಸಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಮೈಕಮ್ಮ ಹೊರಡುವ ಹೊತ್ತಿಗೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಕೈಯಲ್ಲಿ ಚಹಾ, ಸೆರಗಿನ ಮರೆಯಲ್ಲಿ ಬಿಸ್ಕತ್ತು.

"ಖಾಲಿ ಹೊಟ್ಟೇಲಿ ರಕ್ತ ಕೊಟ್ಟು ದಾರೀಲಿ ಬಿದ್ದುಹೋದ್ರೆ? ತಿನ್ನು, ಬೇಗ ತಿನ್ನು. ಬಿಸ್ಕತ್ತು ಏನು ಊಟವಾ? ನರ್ಸಕ್ಕ ಊಟ ಬೇಡ ಅಂದಿದ್ದಲ್ವಾ?"

ಹಸಿವೂ ಇತ್ತು, ಮಾತಿನಲ್ಲಿ ನ್ಯಾಯವೂ ಇದೆ ಎನಿಸಿತು. ಮೈಕಮ್ಮ ನಾಲ್ಕು ಬಿಸ್ಕತ್ತು ತಿಂದು, ಸಿಹಿ ಚಹಾ ಕುಡಿದು, ಬಾಯಿ ಒರೆಸಿಕೊಂಡು ರಕ್ತ ಕೊಟ್ಟು ಬಂದಳು. ಸೂಜಿ ಇರುವೆ ಕಚ್ಚಿದಷ್ಟೂ ನೋಯಲಿಲ್ಲ.

ಗಂಟಲಿನ ಡಾಕ್ಟರ ಕೋಣೆಗೆ ಹೋಗುವಾಗ ಮಾತ್ರ ಅವಳು ನರ್ಸಕ್ಕನನ್ನೂ ಒಳಗೆ ಕರೆದುಕೊಂಡಳು. ಮರಗಟ್ಟುವ ಔಷಧಿ ಸಿಂಪಡಿಸಿ, ಮೂಗಿನಿಂದ ಸಣ್ಣ ದಾರದಂಥ ಕ್ಯಾಮೆರಾ ಇಳಿಸಿದರು. "ಈ... ಅನ್ನಿ" ಎಂದರು. ಅವಳು "ಈ..." ಎಂದಾಗ ಹಳೆಯ ಬಸ್ಸಿನ ಹಾರನ್ ಹೊಡೆದಂತಾಗಿ ಹೊರಗೆ ಕೂತವರು ಇಣುಕಿದರು. ನರ್ಸಕ್ಕ ಅವಳ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಡಾಕ್ಟರು ಪರದೆ ತೋರಿಸಿದರು.

"ಧ್ವನಿಯ ತಂತುಗಳು ಇಲ್ಲಿವೆ ನೋಡಿ. ಸ್ವಲ್ಪ ಊದಿಕೊಂಡಿವೆ. ಗಂಟಿಲ್ಲ, ಹುಣ್ಣಿಲ್ಲ. ನೀವು ಹೆದರಿದ್ದು ಇಲ್ಲಿ ಕಾಣ್ತಿಲ್ಲ."

ಮೈಕಮ್ಮ ಕುರ್ಚಿಯಿಂದ ಎದ್ದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಅಷ್ಟು ದಿನ ತಡೆದಿಟ್ಟ ಅಳುವನ್ನೆಲ್ಲ ಅತ್ತಳು. ಗಂಡನಿಗೆ ಏನು ಮಾಡಬೇಕೆಂದು ತಿಳಿಯದೆ ಕಾರಿನ ಗಾಜು ಒರೆಸುವ ಬಟ್ಟೆಯನ್ನೇ ಕೊಟ್ಟ. ಅವಳು ಅದರಲ್ಲೇ ಮುಖ ಒರೆಸಿಕೊಂಡಳು.

ಮನೆಯಲ್ಲಿ ಗದ್ದಲ ಎದ್ದದ್ದು ರಕ್ತದ ವರದಿ ಬಂದಾಗ. ಡಾಕ್ಟರ ಬಳಿ ಹೋಗುವ ಮೊದಲೇ ಗಂಡ ಅದನ್ನು ಬಿಚ್ಚಿ ಓದಿದ.

"ಸಕ್ಕರೆ ಜಾಸ್ತಿ! ದಪ್ಪ ಅಕ್ಷರದಲ್ಲಿದೆ! ನಿನಗೆ ಸಕ್ಕರೆ ಕಾಯಿಲೆ!"

ಮೊಬೈಲ್ ತೆಗೆದ. ಅರ್ಧ ಗಂಟೆಯಲ್ಲಿ ಹೆಂಡತಿಯ ಕಣ್ಣು, ಕಿಡ್ನಿ, ಕಾಲು ಎಲ್ಲವೂ ಅವನ ಲೆಕ್ಕದಲ್ಲಿ ಹೋಗಿದ್ದವು. ಸಕ್ಕರೆ ಡಬ್ಬಿಯನ್ನು ಬಟ್ಟೆಯ ಬೀರುವಿಗೆ ಹಾಕಿ ಬೀಗ ಜಡಿದ. ಅತ್ತೆ ಮಾತ್ರ ಎಂದೂ ಇಲ್ಲದಷ್ಟು ಮೌನವಾಗಿದ್ದರು. ಮಾರನೆಯ ದಿನ "ನಾನೂ ಬರ್ತೀನಿ" ಎಂದು ತಾವೇ ಆಸ್ಪತ್ರೆಗೆ ಹೊರಟರು.

ಡಾಕ್ಟರಮ್ಮ ವರದಿ ನೋಡಿ ಕೇಳಿದರು. "ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪ್ರಶ್ನೆ ಸೊಸೆಗೆ, ಬಾಯಿ ಒರೆಸಿಕೊಂಡವರು ಅತ್ತೆ.

"ನಾಲ್ಕೇ ನಾಲ್ಕು ಬಿಸ್ಕತ್ತು ಡಾಕ್ಟ್ರೇ" ಎಂದರು ಅತ್ತೆ. "ಅದೂ ಸಣ್ಣವು. ಚಹಾದಲ್ಲಿ ಅದ್ದಿದ್ದು."

"ಅಮ್ಮಾ!" ಎಂದ ಗಂಡ.

ಡಾಕ್ಟರಮ್ಮ ಮನಸಾರೆ ನಕ್ಕರು. "ಹಾಗಾದ್ರೆ ಇಲ್ಲಿ ಕಂಡಿರೋದು ಇವರ ಕಾಯಿಲೆ ಅಲ್ಲ, ನಿಮ್ಮ ಪ್ರೀತಿ ಇರಬಹುದು. ಇದನ್ನ ನಂಬೋಕಾಗಲ್ಲ. ಇನ್ನೊಮ್ಮೆ ಖಾಲಿ ಹೊಟ್ಟೇಲಿ ಮಾಡೋಣ. ಈಗ ಇನ್ನೊಂದು ವರದಿ ನೋಡಿ. ಥೈರಾಯ್ಡ್ ತುಂಬಾ ನಿಧಾನ ಆಗಿದೆ. ಇದಕ್ಕೆ ಬಿಸ್ಕತ್ತು ಕಾರಣ ಅಲ್ಲ."

ಅವರು ತಮ್ಮದೇ ಕುತ್ತಿಗೆಯ ಮುಂಭಾಗ ಮುಟ್ಟಿ ತೋರಿಸಿದರು. "ಇಲ್ಲೊಂದು ಗ್ರಂಥಿ ಇದೆ, ಚಿಟ್ಟೆಯ ಆಕಾರದ್ದು. ಮೈಯೆಲ್ಲ ಎಷ್ಟು ವೇಗದಲ್ಲಿ ಕೆಲಸ ಮಾಡಬೇಕು ಅನ್ನೋದು ಇದರ ರಸದ ಮೇಲೆ ನಿಂತಿದೆ. ಅದು ಕಮ್ಮಿ ಆದ್ರೆ ಎಲ್ಲವೂ ನಿಧಾನ. ನಾಡಿ ನಿಧಾನ, ಹೊಟ್ಟೆ ನಿಧಾನ, ಚಳಿ ಜಾಸ್ತಿ, ಕೂದಲು ಉದುರುತ್ತೆ, ಮೈ ಊದುತ್ತೆ. ಧ್ವನಿಯ ತಂತುಗಳೂ ಊದಿದ್ವು, ಧ್ವನಿ ದಪ್ಪ ಆಯ್ತು. ಸ್ವೆಟರು ನೋಡಿದಾಗ ಅನುಮಾನ ಬಂತು, ಪಾದ ಮೆಲ್ಲಗೆ ಇಳಿದಾಗ ಅನುಮಾನ ಬಲ ಆಯ್ತು. ಆದ್ರೆ ಅನುಮಾನಕ್ಕೆ ಮಾತ್ರೆ ಕೊಡೋಕಾಗಲ್ಲ. ಅದು ನಿಜವಾ ಸುಳ್ಳಾ ಅಂತ ಹೇಳಿದ್ದು ರಕ್ತ."

ಮೈಕಮ್ಮ ತಲೆ ತಗ್ಗಿಸಿದಳು. "ನೀವು ಮೊದಲನೇ ದಿನ ಕೇಳಿದ್ರಲ್ಲ ಡಾಕ್ಟ್ರೇ... ಸುಸ್ತಿದೆ. ಮಲಬದ್ಧತೆ ಇದೆ. ಮುಟ್ಟೂ ಸರಿಯಿಲ್ಲ. ಬೇಸಿಗೇಲೂ ಚಳಿ. ಎಲ್ಲಾ ಇಲ್ಲ ಅಂದುಬಿಟ್ಟೆ."

"ಯಾಕಮ್ಮ?"

"ಗಂಟಲಿಗೆ ಸಂಬಂಧ ಇಲ್ಲ ಅಂದ್ಕೊಂಡೆ. ಗಂಡನ ಮುಂದೆ ನಾಚಿಕೆ ಬೇರೆ."

"ಸಂಬಂಧ ಹುಡುಕೋ ಕೆಲಸ ನನಗೆ ಬಿಡಿ. ನಾಚಿಕೆ ಆದ್ರೆ 'ಇವರನ್ನ ಹೊರಗೆ ಕಳಿಸಿ' ಅಂತ ಹೇಳಿ, ಕಳಿಸ್ತೀನಿ."

ನರ್ಸಕ್ಕ ಮೂಲೆಯಲ್ಲಿ ಕೆಮ್ಮಿದಳು. "ಕೂಗಿ ಕೂಗಿ ಗಂಟಲು ದಣಿದಿದೆ ಅಂತ ನಾನು ಹೇಳಿದ್ದೆ. ನಾನೂ ತಪ್ಪಿದೆ. ನನ್ನ ಮಾತು ಕೇಳಿ ಇವಳು ಸುಮ್ಮನೆ ಮನೇಲಿ ಕೂತಿದ್ರೆ ಇನ್ನೂ ಹಾಗೇ ನರಳ್ತಿದ್ಳು."

ಎರಡನೆಯ ಸಲ ಸಕ್ಕರೆ ಪರೀಕ್ಷೆ ಮಾಡಿದಾಗ, ಅತ್ತೆಯನ್ನು ಹಿಂದಿನ ರಾತ್ರಿಯೇ ನರ್ಸಕ್ಕನ ಮನೆಗೆ ಮಲಗಲು ಕಳಿಸಲಾಗಿತ್ತು. ಸಕ್ಕರೆ ಸರಿಯಾಗಿಯೇ ಬಂತು. ರಕ್ತದ ಅಂಶವೂ ಸರಿಯಿತ್ತು. ಗಂಡ ಗೊಣಗಿದ. "ಎರಡು ಪರೀಕ್ಷೇಲಿ ಏನೂ ಸಿಗಲಿಲ್ಲ. ದಂಡ ಆಯ್ತಲ್ಲ ಡಾಕ್ಟ್ರೇ?"

"ನೀವು ಕಾರು ಕಲಿಸೋರಲ್ವಾ? ದಾರಿಗಿಳಿಯೋ ಮುಂಚೆ ಬ್ರೇಕ್ ಒತ್ತಿ ನೋಡ್ತೀರಿ. ಬ್ರೇಕ್ ಚೆನ್ನಾಗಿದೆ ಅಂತ ಗೊತ್ತಾದ್ರೆ, ಅಯ್ಯೋ ಒತ್ತಿದ್ದು ದಂಡ ಆಯ್ತು ಅಂತ ಅಳ್ತೀರಾ?"

ಆ ದಿನದಿಂದ ಗಂಡ ಡಾಕ್ಟರಮ್ಮನ ಭಕ್ತನಾದ.

ಥೈರಾಯ್ಡಿಗೆ ಡಾಕ್ಟರಮ್ಮ ಬರೆದದ್ದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ದಿನಾ ಒಂದು ಸಣ್ಣ ಮಾತ್ರೆ. ಇಷ್ಟೇನಾ ಎಂದು ಮೈಕಮ್ಮನಿಗೆ ನಿರಾಸೆಯೇ ಆಯಿತು. ಇಷ್ಟು ದೊಡ್ಡ ರಾದ್ಧಾಂತಕ್ಕೆ ಕನಿಷ್ಠ ಒಂದು ಬಾಟಲಿಯಾದರೂ ಬೇಡವೇ? ಮೊದಲ ಮಾತ್ರೆ ನುಂಗಿ, ಒಂದು ಗಂಟೆ ಕಾದು, "ಹಲೋ ಹಲೋ" ಎಂದು ನೋಡಿದಳು. ಅದೇ ಜಲ್ಲಿಕಲ್ಲು. ವಾರ ಕಳೆದಾಗ ಬಿಟ್ಟುಬಿಡೋಣ ಎನಿಸಿತು. "ತಿಂಗಳುಗಟ್ಟಲೆ ಕೆಟ್ಟಿದ್ದು ಬೆಳಗಾಗೋದರೊಳಗೆ ಸರಿಹೋಗುತ್ತಾ?" ಎಂದು ನರ್ಸಕ್ಕ ಗದರಿಸಿದಳು. ಮೇಲ್ವಿಚಾರಕರು ಸದ್ಯಕ್ಕೆ ಅವಳನ್ನು ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದರು. ಮೈಕಿನಲ್ಲಿ ಯಂತ್ರ ಮಾತಾಡತೊಡಗಿತು. ಕೆಟ್ಟು ನಿಂತು ರಿಪೇರಿಗೆ ಹೋಗಿದ್ದ ಬಸ್ಸುಗಳನ್ನೂ ಅದು ಬಲು ಉತ್ಸಾಹದಿಂದ ಹೊರಡಿಸುತ್ತಿತ್ತು.

ಎರಡು ತಿಂಗಳ ನಂತರ ಮತ್ತೆ ರಕ್ತ ನೋಡಿ, ಮಾತ್ರೆಯ ಪ್ರಮಾಣ ಸ್ವಲ್ಪ ಏರಿಸಿದರು. ಅಷ್ಟರಲ್ಲಿ ಸ್ವೆಟರು ಪೆಟ್ಟಿಗೆ ಸೇರಿತ್ತು. ಒಂದು ಬೆಳಿಗ್ಗೆ ಅವಳು ಅಡುಗೆಮನೆಯಿಂದ "ಯಾರ್ರೀ ಫ್ಯಾನ್ ಆರಿಸಿದ್ದು?" ಎಂದು ಕೂಗಿದಳು. ಗಂಡ ಎದ್ದು ಕೂತ. ಸಿಟ್ಟಿನ ಮಾತೇ ಆದರೂ ಅದರೊಳಗೆ ಹಳೆಯ ಹಾಲಿನ ಧ್ವನಿ ಇತ್ತು.

"ಇನ್ನೊಂದು ಸಲ ಬೈಯೇ!" ಎಂದ.

ಅವಳು ಗಾಜಿನ ಕೋಣೆಗೆ ಮರಳಿದಳು. ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟರು.

ಮನೆಯೂ ಬದಲಾಯಿತು. ತಿಂಗಳುಗಟ್ಟಲೆ ತಲೆಭಾರ ಎಂದು ಗುಟ್ಟಾಗಿ ಮಾತ್ರೆ ನುಂಗುತ್ತಿದ್ದ ಗಂಡ, ಮೊಬೈಲು ಜೇಬಿಗೆ ಹಾಕಿ, ತಾನಾಗಿಯೇ ಹೋಗಿ ರಕ್ತದ ಒತ್ತಡ ನೋಡಿಸಿಕೊಂಡ. ಜಾಸ್ತಿಯೇ ಇತ್ತು, ಚಿಕಿತ್ಸೆ ಶುರುವಾಯಿತು. ಇನ್ನು ಅತ್ತೆ ಮೊಣಕಾಲು ನೋವಿಗೆ ತೋರಿಸಲು ಹೋದವರು, ಏನನ್ನೂ ಮುಚ್ಚಿಡಬಾರದು ಎಂದು ಹುಟ್ಟಿದ ದಿನದಿಂದ ಹೇಳಲು ಶುರು ಮಾಡಿದರು. ಮದುವೆಯ ಹತ್ತಿರ ಬರುವಷ್ಟರಲ್ಲಿ ಹೊರಗಿನ ಸಾಲು ಗೇಟು ಮುಟ್ಟಿತ್ತು. ಡಾಕ್ಟರಮ್ಮ ಕೈಮುಗಿದು, "ಅಮ್ಮಾ, ಮೊಣಕಾಲು ನೋಯೋಕೆ ಶುರುವಾದ ದಿನಕ್ಕೆ ಬನ್ನಿ" ಎಂದರು.

ಈ ಕಥೆ ಓದಿದ ಅಕ್ಕ, ಅಣ್ಣ, ತಾಯಿ, ನಿಮ್ಮನ್ನೇ ಕೇಳುತ್ತಿದ್ದೇವೆ. ನಿಮ್ಮ ಮೈಯಲ್ಲಿ ವಾರಗಟ್ಟಲೆ ಸರಿಹೋಗದ ಒಂದು ತೊಂದರೆ ಇದೆಯೇ? ಕೆಟ್ಟ ಧ್ವನಿ ಇರಬಹುದು, ಸುಸ್ತು ಇರಬಹುದು, ಯಾರಿಗೂ ಹೇಳಲಾಗದ್ದೂ ಇರಬಹುದು. ಡಾಕ್ಟರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನುಂಗುತ್ತಿರುವ ಮಾತ್ರೆಗಳನ್ನೂ ಹೇಳಿ. ಪರೀಕ್ಷೆ ಯಾಕೆ, ಅದರಿಂದ ಏನು ತಿಳಿಯುತ್ತದೆ ಎಂದು ಧೈರ್ಯವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ತಿನ್ನಬೇಡಿ ಎಂದರೆ ತಿನ್ನಬೇಡಿ, ಅತ್ತೆ ಎಷ್ಟೇ ಪ್ರೀತಿಯಿಂದ ಕೊಟ್ಟರೂ. ವರದಿ ಬಂದರೆ ನೀವೇ ಓದಿ ಹೆದರಬೇಡಿ, ನೀವೇ ಓದಿ ನಿಶ್ಚಿಂತರೂ ಆಗಬೇಡಿ. ಪರೀಕ್ಷೆ ಬರೆದುಕೊಟ್ಟ ಡಾಕ್ಟರಿಗೆ ತೋರಿಸಿ. ಹೆದರಿಕೆ ಆದರೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೈಕಮ್ಮನೂ ಹೆದರಿದ್ದಳು. ಹೆದರಿಕೊಂಡೇ ಹೋದಳು.

ನೀವೂ ಈ ವಾರವೇ ಹೋಗಿ ಬನ್ನಿ.